ಹಿಗಿನ್ಸ್ ಉಳಿಸಿಹೋದ ಕಾಗದಪತ್ರ

ವಕೀಲರು: ಒಬ್ಬ ನ್ಯಾಯಮೂರ್ತಿಯ ಬಗ್ಗೆ ತಿಳಿಯಬೇಕಾದದ್ದೆಲ್ಲ ಅವರ ತೀರ್ಪುಗಳಲ್ಲೇ ಇರುತ್ತದೆ ಅನ್ನುವವನು ನಾನು. ಮನೆಯವರಿಗೆ ಬರೆದ ಕಾಗದ, ಗೆಳೆಯರಿಗೆ ಬರೆದ ಕಾಗದ, ಅರ್ಧ ಬರೆದಿಟ್ಟ ಆತ್ಮಕಥೆ, ಇವನ್ನೆಲ್ಲ ಕೆದಕಿದರೆ ಕಾನೂನಿಗೆ ಏನು ಸಿಕ್ಕೀತು? ನೀನು ನನ್ನ ಆಫೀಸಿನಲ್ಲಿ ಜೂನಿಯರ್ ಆಗಿದ್ದಾಗಲೂ ಇದನ್ನೇ ಹೇಳುತ್ತಿದ್ದೆ. ಫೈಲು ಓದು, ಮನುಷ್ಯನನ್ನು ಓದಲು ಹೋಗಬೇಡ ಅಂತ.

ಸಂಶೋಧಕಿ: ನೆನಪಿದೆ ಸರ್. ಆದರೆ ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್ ಪ್ರಕರಣದ ತೀರ್ಪನ್ನು ನನ್ನ ಕೈಗೆ ಕೊಟ್ಟವರೂ ನೀವೇ. 1958ರದು, ಪತ್ರಕರ್ತರ ವೇತನ ಮಂಡಳಿಯ ಮೊಕದ್ದಮೆ. ಜೀವನ ವೇತನ ಅಂದರೆ ಏನು ಎಂದು ವಿವರಿಸುವಾಗ ನಮ್ಮ ಸುಪ್ರೀಂ ಕೋರ್ಟು ಆಸ್ಟ್ರೇಲಿಯಾದ ನ್ಯಾಯಮೂರ್ತಿ ಹಿಗಿನ್ಸ್ ಕೊಟ್ಟ ಅಳತೆಯನ್ನು ಮುಂದಿಡುತ್ತದೆ. ನಾಗರಿಕ ಸಮಾಜದಲ್ಲಿ ಬದುಕುವ ಮನುಷ್ಯ ಎಂದು ಎಣಿಸಿ, ಒಬ್ಬ ಸಾಮಾನ್ಯ ಕೆಲಸಗಾರನ ಸಾಮಾನ್ಯ ಅಗತ್ಯಗಳಿಗೆ ಸಾಲುವಷ್ಟು ಕೂಲಿ ಇರಬೇಕು ಎನ್ನುವ ಅಳತೆ. ಅವತ್ತು ನಾನು ನಿಮ್ಮನ್ನು ಒಂದು ಪ್ರಶ್ನೆ ಕೇಳಿದ್ದೆ, ಯಾರು ಈ ಹಿಗಿನ್ಸ್ ಅಂತ.

ವಕೀಲರು: ಆಸ್ಟ್ರೇಲಿಯಾದ ಜಡ್ಜು, ಅಷ್ಟು ಸಾಕು ಅಂದಿದ್ದೆ.

ಸಂಶೋಧಕಿ: ನನಗೆ ಸಾಲಲಿಲ್ಲ. ಅವರು ಆಸ್ಟ್ರೇಲಿಯಾದಲ್ಲಿ ಹುಟ್ಟಿದವರೇ ಅಲ್ಲ. ಹೆನ್ರಿ ಬೋರ್ನ್ಸ್ ಹಿಗಿನ್ಸ್ ಹುಟ್ಟಿದ್ದು 1851ರಲ್ಲಿ, ಐರ್ಲೆಂಡಿನ ಡೌನ್ ಕೌಂಟಿಯ ನ್ಯೂಟೌನಾರ್ಡ್ಸ್ ಎಂಬ ಊರಲ್ಲಿ. ತಂದೆ ವೆಸ್ಲಿಯನ್ ಪಂಥದ ಪಾದ್ರಿ. ಪಾದ್ರಿಗೆ ಊರಿಂದೂರಿಗೆ ವರ್ಗ, ಮನೆಯಲ್ಲಿ ಮಕ್ಕಳು ಹೆಚ್ಚು, ಕಾಸು ಕಡಿಮೆ. ಅಣ್ಣ ಕ್ಷಯದಿಂದ ತೀರಿಕೊಂಡ. ಉಳಿದ ಮಕ್ಕಳಾದರೂ ಬದುಕಲಿ, ಬೆಚ್ಚಗಿನ ಹವೆ ಸಿಗಲಿ ಎಂದು ಸಂಸಾರ 1870ರಲ್ಲಿ ಮೆಲ್ಬರ್ನಿಗೆ ಹಡಗು ಹತ್ತಿತು. ಇನ್ನೂ ಇಪ್ಪತ್ತು ತುಂಬದ ಈ ಹುಡುಗನಿಗೆ ಮಾತು ತೊದಲುತ್ತಿತ್ತು. ಶಾಲೆಯಲ್ಲಿ ಪಾಠ ಹೇಳಿಕೊಂಡೇ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, 1876ರಲ್ಲಿ ವಕೀಲಿಕೆಗೆ ಇಳಿದ.

ವಕೀಲರು: ತೊದಲುವವನು ಕೋರ್ಟಿನಲ್ಲಿ ನಿಲ್ಲುವುದೆಂದರೆ ಸಣ್ಣ ಮಾತಲ್ಲ. ಎದುರು ವಕೀಲ ಅದನ್ನೇ ಕಾಯುತ್ತಿರುತ್ತಾನೆ.

ಸಂಶೋಧಕಿ: ಹಾಗೆ ನಿಂತು, ಊರಿನ ದೊಡ್ಡ ವಕೀಲರ ಸಾಲಿಗೆ ಬಂದು, ಚೆನ್ನಾಗಿ ಸಂಪಾದಿಸಿದರು. ಆಮೇಲೆ ರಾಜಕೀಯ. 1894ರಲ್ಲಿ ಜೀಲಾಂಗ್ ಕ್ಷೇತ್ರದಿಂದ ವಿಕ್ಟೋರಿಯಾ ವಸಾಹತಿನ ಶಾಸನಸಭೆ. 1897-98ರಲ್ಲಿ ಒಕ್ಕೂಟದ ಸಂವಿಧಾನ ಬರೆಯಲು ಕೂತ ಸಮಾವೇಶ. ಆಸ್ಟ್ರೇಲಿಯಾದ ಸಂವಿಧಾನದ 116ನೆಯ ಕಲಮು, ಅಂದರೆ ಸರ್ಕಾರ ಯಾವ ಧರ್ಮವನ್ನೂ ಹೇರಕೂಡದು ಅನ್ನುವುದು, ಅವರು ಪಟ್ಟು ಹಿಡಿದದ್ದರಿಂದ ಬಂತು. ಒಂದಕ್ಕಿಂತ ಹೆಚ್ಚು ರಾಜ್ಯಗಳಿಗೆ ಹಬ್ಬುವ ಕೈಗಾರಿಕಾ ವಿವಾದಗಳನ್ನು ರಾಜಿ, ಪಂಚಾಯ್ತಿಯಿಂದ ಬಗೆಹರಿಸುವ ಅಧಿಕಾರ ಕೇಂದ್ರಕ್ಕೆ ಇರಲಿ ಅನ್ನುವ ಕಲಮಿನ ಹಿಂದೆಯೂ ಅವರಿದ್ದರು. ಅದು ಅಲ್ಪ ಬಹುಮತದಲ್ಲಿ ಪಾರಾಯಿತು. ಇಷ್ಟೆಲ್ಲ ಸೇರಿಸಿಯೂ ಒಟ್ಟು ಸಂವಿಧಾನ ಜನರ ಮುಂದೆ ಬಂದಾಗ ಅದನ್ನು ಬೇಡ ಅಂದರು. ಸಣ್ಣ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಸೆನೆಟ್ಟಿನಲ್ಲಿ ಸಮಪಾಲು ಕೊಡುವುದು ಪ್ರಜಾಪ್ರಭುತ್ವವಲ್ಲ ಅನ್ನುವುದು ಅವರ ವಾದ.

ವಕೀಲರು: ತನ್ನ ಕೈಯಾರೆ ಕಲಮು ಸೇರಿಸಿ ಒಟ್ಟಾರೆ ಕರಡನ್ನು ವಿರೋಧಿಸಿದ್ದು! ಸುಲಭದ ಆಸಾಮಿಯಲ್ಲ.

ಸಂಶೋಧಕಿ: ಅಲ್ಲವೇ ಅಲ್ಲ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷ್ ಸಾಮ್ರಾಜ್ಯ ನಡೆಸುತ್ತಿದ್ದ ಬೋಯರ್ ಯುದ್ಧಕ್ಕೆ ವಸಾಹತಿನಿಂದ ಪಡೆ ಕಳಿಸುವುದು ತಪ್ಪು ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದರು. ಊರೆಲ್ಲ ಯುದ್ಧದ ಹುಮ್ಮಸ್ಸಿನಲ್ಲಿತ್ತು. 1900ರ ಚುನಾವಣೆಯಲ್ಲಿ ಜೀಲಾಂಗಿನವರು ಸೋಲಿಸಿದರು. ಪ್ರಾಟೆಸ್ಟೆಂಟ್ ಪಾದ್ರಿಯ ಮಗನಾಗಿದ್ದೂ ಐರ್ಲೆಂಡಿಗೆ ಸ್ವಯಮಾಡಳಿತ ಬೇಕು ಎಂದು ವಾದಿಸುತ್ತ ಬಂದವರು. ಇವರ ಪಂಗಡದಲ್ಲಿ ಹಾಗೆ ಹೇಳುವವರು ವಿರಳ. 1901ರಲ್ಲಿ ಹೊಸ ಒಕ್ಕೂಟದ ಸಂಸತ್ತಿಗೆ ಗೆದ್ದುಬಂದರು. 1904ರಲ್ಲಿ ಲೇಬರ್ ಪಕ್ಷದ ಮೊದಲ ಕೇಂದ್ರ ಸರ್ಕಾರ ಬಂದಾಗ, ಪಕ್ಷದ ಸದಸ್ಯರಲ್ಲದಿದ್ದರೂ ಅವರನ್ನೇ ಅಟಾರ್ನಿ ಜನರಲ್ ಮಾಡಿದರು. 1906ರಲ್ಲಿ ಹೈಕೋರ್ಟಿನ ಪೀಠ. ಅಲ್ಲಿ ಹೈಕೋರ್ಟೆಂದರೆ ದೇಶಕ್ಕೇ ಮೇಲಿನ ನ್ಯಾಯಾಲಯ. ಮರುವರ್ಷ ಕಾರ್ಮಿಕ ವಿವಾದಗಳ ಪಂಚಾಯ್ತಿ ನ್ಯಾಯಾಲಯದ ಅಧ್ಯಕ್ಷಗಿರಿಯೂ ಸೇರಿತು.

ಅವರ ಕಾಗದಪತ್ರಗಳು ಈಗ ಕ್ಯಾನ್‌ಬೆರಾದ ಆಸ್ಟ್ರೇಲಿಯಾ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಹಸ್ತಪ್ರತಿ ಸಂಖ್ಯೆ 1057. ಮನೆಯವರ ಪತ್ರ, ರಾಜಕಾರಣಿಗಳ ಪತ್ರ, ಪರದೇಶದ ಕಾನೂನು ಪಂಡಿತರ ಪತ್ರ, ಅಚ್ಚಾಗದೆ ಉಳಿದ ಆತ್ಮಕಥೆ, ಎಲ್ಲವೂ ಒಂದೇ ಕಡೆ. ಅವರ ತಮ್ಮನ ಮಗಳು ನೆಟ್ಟಿ ಪಾಮರ್ ಒಳ್ಳೆಯ ವಿಮರ್ಶಕಿ, ಪ್ರಬಂಧಕಾರ್ತಿ. ದೊಡ್ಡಪ್ಪನ ನೆನಪಿನ ಪುಸ್ತಕವನ್ನು ಆಕೆ 1931ರಲ್ಲಿ ಹೊರತಂದರು. ಅರ್ಧ ಶತಮಾನ ಕಳೆದ ಮೇಲೆ ಜಾನ್ ರಿಕರ್ಡ್ ಎಂಬ ಇತಿಹಾಸಕಾರರು 1984ರಲ್ಲಿ ದೊಡ್ಡ ಜೀವನಚರಿತ್ರೆ ಬರೆದರು. ಕಾಗದ ಉಳಿದಿದ್ದರಿಂದ ತಾನೇ ಇದೆಲ್ಲ?

ವಕೀಲರು: ಜೀವನಚರಿತ್ರೆ ಬರೆಯುವವರಿಗೆ ಬೇಕು, ಒಪ್ಪಿದೆ. ನನಗೆ ಬೇಕಾದದ್ದು ಬೇರೆ. ಆ ಅಳತೆ, ಮನುಷ್ಯ ಎಂದು ಎಣಿಸಿ ಕೂಲಿ ನಿಗದಿ ಮಾಡುವುದು, ಅದು ಹೇಗೆ ಹುಟ್ಟಿತು ಎಂಬುದಕ್ಕೆ ತೀರ್ಪೇ ಸಾಕು. ಹಾರ್ವೆಸ್ಟರ್ ತೀರ್ಪು, 1907ರ ನವೆಂಬರ್ 8. ಅದನ್ನು ನಾನು ಪೂರ್ತಿ ಓದಿದ್ದೇನೆ, ಸುಮ್ಮನೆ ಉದ್ಧರಣೆ ನೋಡಿ ಬಿಟ್ಟವನಲ್ಲ.

ಸಂಶೋಧಕಿ: ಹಾಗಾದರೆ ನೀವೇ ಹೇಳಿ ಸರ್.

ವಕೀಲರು: ಎಚ್. ವಿ. ಮೆಕೇ ಎಂಬ ಮಾಲೀಕ. ಮೆಲ್ಬರ್ನಿನ ಪಕ್ಕದ ಸನ್‌ಶೈನ್‌ನಲ್ಲಿ ಕೊಯ್ಲು ಯಂತ್ರ ಮಾಡುವ ದೊಡ್ಡ ಕಾರ್ಖಾನೆ. ಆಗ ಒಂದು ಅಬಕಾರಿ ಕಾಯ್ದೆ ಇತ್ತು. ಯಂತ್ರ ತಯಾರಿಸುವವನು ಸುಂಕ ಕಟ್ಟಬೇಕು, ಆದರೆ ಕೂಲಿಕಾರರಿಗೆ ನ್ಯಾಯವಾದ, ಸಮಂಜಸವಾದ ಕೂಲಿ ಕೊಡುತ್ತಿದ್ದೇನೆಂದು ತೋರಿಸಿದರೆ ಸುಂಕ ಮಾಫಿ. ಮೆಕೇ ಅರ್ಜಿ ಹಾಕಿದ. ನ್ಯಾಯವಾದ ಕೂಲಿ ಎಂದರೆ ಎಷ್ಟು ಅಂತ ಕಾಯ್ದೆ ಎಲ್ಲೂ ಹೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮಾರುಕಟ್ಟೆ ದರ ಎಷ್ಟೋ ಅಷ್ಟು ಎಂದು ಬರೆದು ಮುಗಿಸುತ್ತಿದ್ದರು. ಹಿಗಿನ್ಸ್ ಹಾಗೆ ಮಾಡಲಿಲ್ಲ. ಚೌಕಾಸಿಯಿಂದಲೇ ನ್ಯಾಯವಾದ ಕೂಲಿ ಸಿಗುವ ಹಾಗಿದ್ದರೆ ಶಾಸನಸಭೆ ಈ ಮಾತನ್ನು ಕಾಯ್ದೆಯಲ್ಲಿ ಯಾಕೆ ಹಾಕುತ್ತಿತ್ತು ಎಂದು ಯೋಚಿಸಿದರು. ಹಾಗೆ ಯೋಚಿಸಿ ನೇರವಾಗಿ ಅಡಿಗೆಮನೆಗೆ ಹೋದರು.

ಸಂಶೋಧಕಿ: ಕೂಲಿಕಾರರ ಹೆಂಡಂದಿರು ಸಾಕ್ಷಿಕಟ್ಟೆ ಹತ್ತಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ವಕೀಲರು: ಹೌದು. ಮನೆ ನಡೆಸುವ ಹೆಂಗಸರು ತಮ್ಮ ವಾರದ ಖರ್ಚನ್ನು ಹೇಳಿದರು. ಆ ಲೆಕ್ಕಗಳ ಸರಾಸರಿ ತೆಗೆದಾಗ ಸುಮಾರು ಐದು ಮಂದಿಯ ಸಂಸಾರಕ್ಕೆ ಬಾಡಿಗೆ, ಕಿರಾಣಿ, ಬ್ರೆಡ್ಡು, ಮಾಂಸ, ಹಾಲು, ಉರುವಲು, ತರಕಾರಿ, ಹಣ್ಣು ಇಷ್ಟಕ್ಕೇ ವಾರಕ್ಕೆ 32 ಶಿಲಿಂಗ್ 5 ಪೆನ್ಸ್. ಮೆಕೇ ಕೊಡುತ್ತಿದ್ದ ಕೂಲಿ ದಿನಕ್ಕೆ 6 ಶಿಲಿಂಗ್, ಆರು ದಿನಕ್ಕೆ 36. ಶಿಲಿಂಗಿಗೆ 12 ಪೆನ್ಸ್. ಕಳೆದು ನೋಡು.

ಸಂಶೋಧಕಿ: 3 ಶಿಲಿಂಗ್ 7 ಪೆನ್ಸ್ ಉಳಿಯುತ್ತದೆ.

ವಕೀಲರು: ಅಷ್ಟರಲ್ಲಿ ಏನೇನು ಆಗಬೇಕು ಎನ್ನುವುದನ್ನು ಹಿಗಿನ್ಸ್ ಒಂದೊಂದಾಗಿ ಎಣಿಸುತ್ತಾರೆ. ದೀಪ, ಬಟ್ಟೆ, ಬೂಟು, ಮನೆಯ ಸಾಮಾನು, ಪಾತ್ರೆ, ತೆರಿಗೆ, ಜೀವವಿಮೆ, ಉಳಿತಾಯ, ಕೆಲಸ ತಪ್ಪಿದ ದಿನಗಳ ಖರ್ಚು, ಸಂಘದ ಚಂದಾ, ಪುಸ್ತಕ, ಪತ್ರಿಕೆ, ಟ್ರಾಮು ರೈಲಿನ ಚಾರ್ಜು, ಹೊಲಿಗೆ ಯಂತ್ರ, ಮಕ್ಕಳ ಶಾಲೆ ಸಾಮಾನು, ಒಂದು ರಜೆ, ಒಂದಿಷ್ಟು ವಿನೋದ, ತಂಬಾಕು, ಕಾಯಿಲೆ, ಸಾವು, ಧರ್ಮಕ್ಕೆ ಕೊಡುವುದು, ದಾನಕ್ಕೆ ಕೊಡುವುದು. ಕೂಲಿಕಾರನಿಗೆ ಪತ್ರಿಕೆ ಓದುವ ಹಕ್ಕಿದೆ, ದಾನ ಮಾಡುವ ಹಕ್ಕಿದೆ ಎಂದು ಯಾವ ಕಾಯ್ದೆಯೂ ಹೇಳದಿದ್ದ ಕಾಲದಲ್ಲಿ ಒಬ್ಬ ಜಡ್ಜು ಕೂತು ಇದನ್ನು ಬರೆದರು. ಪರಿಣತಿಯಿಲ್ಲದ ಕೆಲಸಗಾರನಿಗೆ ದಿನಕ್ಕೆ 7 ಶಿಲಿಂಗ್, ವಾರಕ್ಕೆ 42, ಅದಕ್ಕಿಂತ ಕಡಿಮೆ ಇರಕೂಡದು ಎಂದರು. ಐವತ್ತು ವರ್ಷದಿಂದ ಕಾರ್ಮಿಕರ ಕೇಸು ನಡೆಸುತ್ತ ಬಂದವನು ನಾನು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪಟ್ಟಿಯನ್ನು ಯಾವ ನ್ಯಾಯಾಲಯವೂ ಬರೆದಿಲ್ಲ.

ಸಂಶೋಧಕಿ: ಆದರೂ ಕೇಸು ಉಳಿಯಲಿಲ್ಲ.

ವಕೀಲರು: ಉಳಿಯಲಿಲ್ಲ. ಮರುವರ್ಷವೇ ಹೈಕೋರ್ಟಿನ ಬಹುಮತ ಆ ಅಬಕಾರಿ ಕಾಯ್ದೆಯನ್ನೇ ಸಂವಿಧಾನಕ್ಕೆ ಹೊರತು ಎಂದು ಹೊಡೆದುಹಾಕಿತು. ಅದೇ ಪೀಠದ ಹಿಗಿನ್ಸ್, ಐಸಾಕ್ಸ್ ಇಬ್ಬರು ಭಿನ್ನಮತ ಬರೆದರು. ಕಾಯ್ದೆ ಹೋಯಿತು, ಅಳತೆ ಹೋಗಲಿಲ್ಲ. ಪಂಚಾಯ್ತಿ ನ್ಯಾಯಾಲಯದ ಅಧ್ಯಕ್ಷರಾಗಿ ತಾವು ಕೊಟ್ಟ ಐತೀರ್ಪುಗಳಿಗೆಲ್ಲ ಆ 7 ಶಿಲಿಂಗನ್ನೇ ಬುನಾದಿ ಮಾಡಿದರು. 1967ರ ತನಕ ಆ ದೇಶದ ಮೂಲ ವೇತನ ಪದ್ಧತಿ ಅದೇ ಬುನಾದಿಯ ಮೇಲೆ ನಿಂತಿತ್ತು. 1909ರಲ್ಲಿ ಬ್ರೋಕನ್ ಹಿಲ್ ಗಣಿಯವರು ನಮಗೆ ಅಷ್ಟು ಕೊಡಲು ಆಗದು ಎಂದಾಗ, ಮನುಷ್ಯ ಬದುಕುವಷ್ಟು ಕೂಲಿ ಕೊಡಲಾಗದಿದ್ದರೆ ಆ ಕೆಲಸ ನಿಂತರೂ ಸರಿ ಅಂದರು. 1957ರಲ್ಲಿ ಕ್ರೌನ್ ಅಲ್ಯೂಮಿನಿಯಂ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಗಜೇಂದ್ರಗಡಕರ್ ಅವರೂ ಅದನ್ನೇ ಹೇಳಿದರು. ಕನಿಷ್ಠ ವೇತನ ಕೊಡಲಾರದ ಉದ್ಯಮಕ್ಕೆ ಇರುವ ಹಕ್ಕೇ ಇಲ್ಲ ಅಂತ. ಈಗ ಹೇಳಮ್ಮ, ಇದರಲ್ಲಿ ಯಾವುದಕ್ಕೆ ಖಾಸಗಿ ಪತ್ರ ಬೇಕಾಯಿತು?

ಸಂಶೋಧಕಿ: ನೀವು ಹೇಳಿದ ಪಟ್ಟಿಯಲ್ಲಿ ಯಾರು ಇಲ್ಲ ಎನ್ನುವುದು ತಿಳಿಯುವುದಕ್ಕೆ ಬೇಕು ಸರ್. ಆ ಅಳತೆಯಲ್ಲಿ ಮನುಷ್ಯ ಅಂದರೆ ಹೆಂಡತಿ ಮತ್ತು ಮೂರು ಮಕ್ಕಳನ್ನು ಸಾಕುವ ಬಿಳಿಯ ಗಂಡಸು. ಲೆಕ್ಕ ಕೊಟ್ಟ ಹೆಂಗಸರೇ ನಾಳೆ ಕೂಲಿಗೆ ಹೋದರೆ ಅವರಿಗೆ ಆ 7 ಶಿಲಿಂಗ್ ಇಲ್ಲ. 1912ರಲ್ಲಿ ಮಿಲ್ಡುರಾದ ಹಣ್ಣಿನ ತೋಟಗಳ ಕೇಸು ಬಂತು. ಹಣ್ಣು ಕೀಳುವ ಕೆಲಸಕ್ಕೆ ಗಂಡು ಹೆಣ್ಣಿಗೆ ಒಂದೇ ಕೂಲಿ ಕೊಟ್ಟರು. ಹೆಂಗಸರು ಅಗ್ಗಕ್ಕೆ ಸಿಕ್ಕರೆ ಗಂಡಸರ ಕೆಲಸ ಹೋಗುತ್ತದೆ ಎಂಬ ಕಾರಣಕ್ಕೆ. ಹಣ್ಣು ಪ್ಯಾಕು ಮಾಡುವುದು ಹೆಂಗಸರ ಕೆಲಸ, ಅದಕ್ಕೆ ಕಡಿಮೆ. 1919ರ ಬಟ್ಟೆ ಕೈಗಾರಿಕೆಯ ಐತೀರ್ಪಿನಲ್ಲಿ ಹೆಂಗಸರ ಮೂಲ ವೇತನ ಗಂಡಸರದರ ಅರ್ಧಕ್ಕಿಂತ ತುಸು ಹೆಚ್ಚು. ಅದು ಸರಿಯಾಗಲು 1969 ಮತ್ತು 1972ರ ಸಮಾನ ವೇತನ ತೀರ್ಪುಗಳು ಬರಬೇಕಾಯಿತು. ಉತ್ತರದ ದನಗಾವಲುಗಳಲ್ಲಿ ದುಡಿಯುತ್ತಿದ್ದ ಮೂಲನಿವಾಸಿಗಳ ಸಮಾನ ಕೂಲಿಯ ಪ್ರಶ್ನೆ ತೀರ್ಮಾನವಾದದ್ದು 1966ರಲ್ಲಿ. ಜಾರಿಗೆ ಬಂದದ್ದು 1968ರ ಕೊನೆಗೆ.

ನಮ್ಮವರ ವಿಷಯಕ್ಕೆ ಬಂದರೆ, 1901ರ ವಲಸೆ ನಿರ್ಬಂಧ ಕಾಯ್ದೆಗೆ ಹಿಗಿನ್ಸ್ ಬೆಂಬಲ ಇತ್ತು. ಬಂದರಿನಲ್ಲಿ ಇಳಿಯುವವನಿಗೆ ಯಾವುದೋ ಯುರೋಪಿನ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು, ಬರೆಯಲಾಗಲಿಲ್ಲ ಎಂದು ಹಿಂದಕ್ಕೆ ಕಳಿಸುವ ಕಾಯ್ದೆ ಅದು. ಮಂಗಳೂರಿನಿಂದಲೋ ಮದರಾಸಿನಿಂದಲೋ ಹೊರಟ ಕೂಲಿಕಾರನನ್ನು ಆ ಕಾಯ್ದೆ ದಡ ಹತ್ತಲು ಬಿಡುತ್ತಿರಲಿಲ್ಲ. ಐರ್ಲೆಂಡಿಗೆ ನ್ಯಾಯ ಬೇಕು, ಬೋಯರರಿಗೆ ನ್ಯಾಯ ಬೇಕು ಅಂದ ಮನುಷ್ಯ ಇದಕ್ಕೆ ಹೇಗೆ ಕೈ ಎತ್ತಿದರು? ಅಗ್ಗದ ಕೂಲಿ ಬಂದರೆ ಕಾರ್ಮಿಕನ ಬದುಕು ಹಾಳಾಗುತ್ತದೆ ಎಂಬ ಅಂಜಿಕೆಯೂ, ಬಣ್ಣದ ಮೇಲಿನ ಮೇಲರಿಮೆಯೂ ಒಂದೇ ತಲೆಯಲ್ಲಿ ಒಟ್ಟಿಗೆ ಇದ್ದವು. ತೀರ್ಪಿನ ಮನುಷ್ಯ ಯಾರು ಎಂಬುದನ್ನು ತೀರ್ಪಷ್ಟೇ ಓದಿದರೆ ಗೊತ್ತಾಗುವುದಿಲ್ಲ. ಭಾಷಣ, ಪತ್ರ, ಆತ್ಮಕಥೆ ಎಲ್ಲ ಪಕ್ಕದಲ್ಲಿಟ್ಟು ಓದಬೇಕು.

ವಕೀಲರು: ಇದು ಭಾರವಾದ ಮಾತು. ನಮ್ಮನ್ನು ಬಂದರಿನಿಂದಲೇ ಓಡಿಸುತ್ತಿದ್ದವರ ಅಳತೆಯನ್ನು ನಮ್ಮ ಗಿರಣಿ ಕಾರ್ಮಿಕರಿಗಾಗಿ ನಾನು ಎಷ್ಟು ಕೋರ್ಟುಗಳಲ್ಲಿ ಓದಿ ಹೇಳಿದ್ದೇನೆ.

ಸಂಶೋಧಕಿ: ಓದಿ ಹೇಳಿದ್ದು ಸರಿಯೇ ಸರ್. ಅಳತೆ ಅವರು ಇಟ್ಟ ಬೇಲಿಯ ಒಳಗೇ ಉಳಿಯಬೇಕೆಂದೇನೂ ಇಲ್ಲವಲ್ಲ. ಅದನ್ನು ದಾಟಿಸಿದವರು ನಿಮ್ಮಂಥವರು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರ ನನಗೆ ಬಾಯಿಪಾಠ ಮಾಡಿಸಿದ್ದು ನೀವು.

ವಕೀಲರು: ಒಬ್ಬ ದುಡಿಯುವವನಿಗೆ ಮೂರು ಬಳಕೆ ಘಟಕ. ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ. ತಲೆಗೆ ವರ್ಷಕ್ಕೆ 18 ಗಜ ಬಟ್ಟೆ, ನಾಲ್ಕು ಜನಕ್ಕೆ 72 ಗಜ. ಸರ್ಕಾರಿ ಕೈಗಾರಿಕಾ ವಸತಿಯ ಕನಿಷ್ಠ ಬಾಡಿಗೆ. ಉರುವಲು, ದೀಪ, ಇತರೆ ಬಾಬ್ತಿಗೆ ಶೇಕಡಾ 20. ಆಮೇಲೆ 1991ರಲ್ಲಿ ರೆಪ್ಟಾಕೋಸ್ ಬ್ರೆಟ್ ತೀರ್ಪು ಬಂತು. ಮಕ್ಕಳ ಓದು, ಔಷಧ, ಹಬ್ಬಹರಿದಿನ, ಮನರಂಜನೆ, ಮುಪ್ಪು, ಮದುವೆ ಇವಕ್ಕೆ ಇನ್ನೂ ಶೇಕಡಾ 25 ಸೇರಿಸಿ ಅಂದಿತು.

ಸಂಶೋಧಕಿ: 1907ರಲ್ಲಿ ಹಿಗಿನ್ಸ್ ಹೇಳಿದ ಬಾಬ್ತುಗಳಲ್ಲಿ ಹಲವು ನಮ್ಮ ಸೂತ್ರಕ್ಕೆ ಸೇರಲು 84 ವರ್ಷ ಬೇಕಾಯಿತು. ಮೂರು ಘಟಕ ಹೇಗೆ ಆಯಿತು ಎನ್ನುವುದನ್ನೂ ಹೇಳಿ. ಗಂಡನಿಗೆ 1, ಇಬ್ಬರು ಮಕ್ಕಳಿಗೆ ತಲಾ 0.6, ಹೆಂಡತಿಗೆ 0.8. ಕಾರ್ಖಾನೆಯಲ್ಲಿ ಎಂಟು ಗಂಟೆ ನಿಂತು, ಮನೆಗೆ ಬಂದು ಒಲೆ ಹಚ್ಚುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ನೋಡಿದವರಿಗೆ ಆ 0.8 ಎಷ್ಟು ಅನ್ಯಾಯ ಎಂಬುದು ಗೊತ್ತು. ಹಿಗಿನ್ಸ್ ಎಲ್ಲಿ ನಿಂತರೋ ನಾವೂ ಅಲ್ಲೇ ಎಡವಿದ್ದೇವೆ.

ವಕೀಲರು: ಆ 0.8ರ ವಿಷಯಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅದು ಹೋಗಬೇಕು. ಸರಿ, ಪತ್ರಗಳಲ್ಲಿ ಬೇರೆ ಏನಿದೆ? ಪರದೇಶದ ಕಾನೂನು ಪಂಡಿತರ ಜೊತೆ ಪತ್ರವ್ಯವಹಾರ ಇತ್ತು ಅಂದೆ.

ಸಂಶೋಧಕಿ: ಅಮೆರಿಕದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಜೊತೆ. 1914ರಲ್ಲಿ ಹಿಗಿನ್ಸ್ ಅಮೆರಿಕಕ್ಕೆ ಹೋದಾಗ ಪರಿಚಯ ಆಯಿತು. ಮರುವರ್ಷ ಹಾರ್ವರ್ಡ್‌ನ ಕಾನೂನು ಪತ್ರಿಕೆಯಲ್ಲಿ ಹಿಗಿನ್ಸ್ ತಮ್ಮ ನ್ಯಾಯಾಲಯದ ಅನುಭವದ ಬಗ್ಗೆ ದೀರ್ಘ ಲೇಖನ ಬರೆದರು. ಮುಷ್ಕರ, ಲಾಕೌಟು ಎಂಬ ಕಾದಾಟದ ಜಾಗಕ್ಕೆ ವಿಚಾರಣೆ, ಸಾಕ್ಷಿ, ಕಾರಣ ಕೊಟ್ಟು ಬರೆದ ತೀರ್ಪು ಬರಬೇಕು ಎನ್ನುವುದು ಅದರ ತಿರುಳು. ಮುಂದೆ ಅದು 1922ರಲ್ಲಿ ಪುಸ್ತಕವಾಯಿತು. ಅತ್ತ ಫ್ರಾಂಕ್‌ಫರ್ಟರ್ ಅಮೆರಿಕದ ಹೆಂಗಸರ ಕನಿಷ್ಠ ವೇತನ ಕಾಯ್ದೆಯ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ಆಡ್ಕಿನ್ಸ್ ಪ್ರಕರಣ, 1923. ಸೋತರು. ಒಪ್ಪಂದದ ಸ್ವಾತಂತ್ರ್ಯಕ್ಕೆ ಅಡ್ಡಿ, ಡ್ಯೂ ಪ್ರಾಸೆಸ್‌ಗೆ, ಅಂದರೆ ನ್ಯಾಯವಾದ ಕಾನೂನು ಕ್ರಮಕ್ಕೆ, ವಿರುದ್ಧ ಎಂದು ಅಲ್ಲಿನ ನ್ಯಾಯಾಲಯ ಆ ಕಾಯ್ದೆಯನ್ನು ಹೊಡೆದುಹಾಕಿತು.

ವಕೀಲರು: ತಡಿ. ಡ್ಯೂ ಪ್ರಾಸೆಸ್ ಅಂದ ತಕ್ಷಣ ನಮ್ಮ ಬೆನಗಲ್ ನರಸಿಂಗ ರಾಯರು ನೆನಪಾಗಬೇಕು.

ಸಂಶೋಧಕಿ: ನಾನೂ ಅಲ್ಲಿಗೇ ಬರುತ್ತಿದ್ದೆ ಸರ್. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ, ಮಂಗಳೂರಿನ ಬಿ. ಎನ್. ರಾಯರು 1947ರಲ್ಲಿ ಅಮೆರಿಕಕ್ಕೆ ಹೋದರು. ಅಷ್ಟು ಹೊತ್ತಿಗೆ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಇದೇ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಡ್ಯೂ ಪ್ರಾಸೆಸ್ ಕಲಮು ಬೇಡ, ಜನ ಆರಿಸಿದ ಶಾಸನಸಭೆಯ ಕಾಯ್ದೆಗಳನ್ನು ಕೆಲವೇ ನ್ಯಾಯಾಧೀಶರು ತಳ್ಳಿಹಾಕುವುದಕ್ಕೆ ಅದು ದಾರಿಯಾಗುತ್ತದೆ ಎಂದು ಅವರು ಹೇಳಿಕಳಿಸಿದರು. ನಮ್ಮ 21ನೆಯ ವಿಧಿಯಲ್ಲಿ ಅದು ಬರಲಿಲ್ಲ. ಕಾರ್ಮಿಕ ಕಾಯ್ದೆಗಳು ಕೋರ್ಟಿನಲ್ಲಿ ಬೀಳುವುದನ್ನು ಕಣ್ಣಾರೆ ಕಂಡವರ ಸಲಹೆ ಅದು. ಹಿಗಿನ್ಸ್ 1929ರಲ್ಲೇ ತೀರಿಹೋಗಿದ್ದರು, ಅವರಿಗೂ ಇದಕ್ಕೂ ನೇರ ಸಂಬಂಧ ಹೇಳಬಾರದು. ಆದರೂ ಒಂದೇ ಮನುಷ್ಯ ಒಂದು ಕಡೆ ಹಿಗಿನ್ಸ್‌ಗೆ ಪತ್ರಮಿತ್ರ, ಇನ್ನೊಂದು ಕಡೆ ನಮ್ಮ ರಾಯರಿಗೆ ಸಲಹೆಗಾರ.

ವಕೀಲರು: ಆ 21ನೆಯ ವಿಧಿಯಿಂದ ಮುಂದೆ ಎಷ್ಟು ಜನ ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆತರು, ಅದೂ ಲೆಕ್ಕಕ್ಕೆ ಬರಬೇಕು. ಅದು ಬೇರೆ ದೊಡ್ಡ ಮಾತು, ಈಗ ಬೇಡ.

ಸಂಶೋಧಕಿ: ಆಗಲಿ ಸರ್. ಪತ್ರಗಳ ವಿಷಯದಲ್ಲಿ ನನ್ನನ್ನು ಅಲುಗಾಡಿಸಿದ್ದು ಮಗನ ಸಾವು. ಒಬ್ಬನೇ ಮಗ, ಮರ್ವಿನ್. ಆಕ್ಸ್‌ಫರ್ಡಿನಲ್ಲಿ ಓದಿದವನು, 1910ರ ದೋಣಿ ಪಂದ್ಯದಲ್ಲಿ ಆ ವಿಶ್ವವಿದ್ಯಾಲಯದ ಪರ ಹುಟ್ಟು ಹಾಕಿದವನು. ಮೊದಲ ಮಹಾಯುದ್ಧಕ್ಕೆ ಕುದುರೆ ಪಡೆ ಸೇರಿ ಗ್ಯಾಲಿಪೊಲಿಯಲ್ಲಿ ಬದುಕಿ ಉಳಿದ. 1916ರ ಡಿಸೆಂಬರ್ 23ರಂದು ಸಿನಾಯ್ ಮರುಭೂಮಿಯ ಮಗ್ಧಾಬಾದಲ್ಲಿ ಗುಂಡಿಗೆ ಬಿದ್ದ. ಬೋಯರ್ ಯುದ್ಧ ಬೇಡ ಎಂದು ಸೀಟು ಕಳೆದುಕೊಂಡ ತಂದೆಗೆ ಸಾಮ್ರಾಜ್ಯದ ಇನ್ನೊಂದು ಯುದ್ಧ ಮಗನನ್ನೇ ಕಸಿದುಕೊಂಡಿತು. ಈ ದುಃಖ ತನಗೆ ಉಳಿದ ಆಯುಷ್ಯವೆಲ್ಲ ಕಠಿಣ ದುಡಿಮೆಯ ಶಿಕ್ಷೆ ವಿಧಿಸಿದೆ ಎಂಬ ಅರ್ಥದ ಮಾತು ಅವರ ಬಾಯಿಂದ ಬಂದಿದೆ. ಶಿಕ್ಷೆ ಕೊಡುವ ಕುರ್ಚಿಯಲ್ಲಿ ಕೂತವರು ಅದೇ ಮಾತಿನಲ್ಲಿ ತಮ್ಮ ಸಂಕಟ ಹೇಳಿಕೊಂಡರು.

ವಕೀಲರು: ಆಮೇಲೂ ಪೀಠದಲ್ಲಿ ಕೂತರೇ?

ಸಂಶೋಧಕಿ: ಕೂತರು. 1920ರಲ್ಲಿ ಪ್ರಧಾನಿ ಹ್ಯೂಸ್ ಪಂಚಾಯ್ತಿ ನ್ಯಾಯಾಲಯವನ್ನು ಬದಿಗೊತ್ತಿ, ತಮಗೆ ಬೇಕಾದ ಹಾಗೆ ವಿಶೇಷ ಮಂಡಳಿಗಳನ್ನು ಮಾಡಿಕೊಳ್ಳುವ ಕಾಯ್ದೆ ತಂದರು. ಅದನ್ನು ಪ್ರತಿಭಟಿಸಿ ಹಿಗಿನ್ಸ್ ಆ ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟು, 1921ರಲ್ಲಿ ಇಳಿದರು. ಹೈಕೋರ್ಟಿನ ನ್ಯಾಯಮೂರ್ತಿಯಾಗಿ ಕೊನೆಯವರೆಗೂ ಇದ್ದರು. 1929ರ ಜನವರಿ 13ರಂದು ಡ್ರೊಮಾನಾದ ಮನೆಯಲ್ಲಿ ತೀರಿಕೊಂಡರು. ಅಲ್ಲಿನ ಸ್ಮಶಾನದಲ್ಲಿ ಮಗನ ನೆನಪಿಗೆ ಅವರು ನಿಲ್ಲಿಸಿದ್ದು ಐರಿಷ್ ಮಾದರಿಯ ಕಲ್ಲಿನ ಶಿಲುಬೆ. ಉಯಿಲಿನಲ್ಲಿ 20,000 ಪೌಂಡ್ ಹೋದದ್ದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಗೆ. ಊರು ಬಿಟ್ಟು ಅರವತ್ತು ವರ್ಷವಾಗುತ್ತ ಬಂದಿದ್ದರೂ ಮನಸ್ಸು ಅಲ್ಲಿಂದ ಕಿತ್ತುಬಂದಿರಲಿಲ್ಲ. ಈಗ ಆ 7 ಶಿಲಿಂಗಿನ ಪಟ್ಟಿಯನ್ನು ಇನ್ನೊಮ್ಮೆ ಓದಿ ಸರ್. ಕಾಯಿಲೆ, ಸಾವು ಎಂದು ಅದರಲ್ಲಿ ಬರೆದವರು ಕ್ಷಯಕ್ಕೆ ಅಣ್ಣನನ್ನು ಕಳೆದುಕೊಂಡು, ಕಾಸಿಲ್ಲದ ಪಾದ್ರಿಯ ಮನೆಯಿಂದ ಬಂದವರು. ನನಗೆ ಆ ಎರಡು ಮಾತು ಬೇರೆಯೇ ಆಗಿ ಕೇಳಿಸುತ್ತದೆ.

ವಕೀಲರು: ಕೇಳಿಸುತ್ತದೆ, ನಿಜ. ಆದರೆ ನನಗೊಂದು ಹಿಂಜರಿಕೆ ಉಳಿದೇ ಇದೆ. ನ್ಯಾಯಮೂರ್ತಿ ತನ್ನ ಪತ್ರ ತಾನು ಉಳಿಸಿಕೊಳ್ಳುವುದು ಬೇರೆ, ವಕೀಲನ ಕಾಗದ ಬೇರೆ. ವಕೀಲನ ಬಳಿ ಇರುವುದು ಕಕ್ಷಿದಾರರ ಗುಟ್ಟು. ಹಳೆಯ ಸಾಕ್ಷ್ಯ ಅಧಿನಿಯಮದ 126ನೆಯ ಕಲಮು ಏನು ಹೇಳುತ್ತಿತ್ತು? ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲ ಬಾಯಿ ಬಿಡಕೂಡದು, ಕೇಸು ಮುಗಿದ ಮೇಲೂ ಬಿಡಕೂಡದು. ಹೊಸ ಕಾಯ್ದೆಯಲ್ಲೂ ಅದು ಹಾಗೇ ಇದೆ. ನನ್ನ ಆಫೀಸಿನ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳು ಸಾಲಾಗಿ ಇವೆ. ಎಷ್ಟೋ ಜನ ಕಕ್ಷಿದಾರರು ತೀರಿಹೋಗಿದ್ದಾರೆ. ಅವರ ಅಪ್ಪಣೆ ಕೇಳುವುದು ಹೇಗೆ?

ಸಂಶೋಧಕಿ: ಎಲ್ಲವೂ ಗುಟ್ಟಲ್ಲವಲ್ಲ ಸರ್. ನ್ಯಾಯಾಲಯಕ್ಕೆ ಹಾಜರು ಮಾಡಿದ ದಾಖಲೆ, ಎಲ್ಲರೆದುರು ನಡೆದ ಪಾಟೀಸವಾಲು, ಐತೀರ್ಪಿನ ನಕಲು, ಇವು ಅವತ್ತೇ ಸಾರ್ವಜನಿಕ ಆದವು. ಕಕ್ಷಿದಾರ ನಿಮ್ಮ ಕಿವಿಯಲ್ಲಿ ಹೇಳಿ ನೀವು ಬರೆದುಕೊಂಡ ಟಿಪ್ಪಣಿ ಬೇರೆ. ಅದನ್ನು ವಿಂಗಡಿಸಿ ತೆಗೆದಿಡಬಹುದು, ಇಷ್ಟು ವರ್ಷ ಯಾರಿಗೂ ತೋರಿಸಬಾರದು ಎಂದು ಷರತ್ತು ಹಾಕಿ ಕೊಡಬಹುದು. ಪತ್ರಾಗಾರಗಳು ಅಂಥ ಷರತ್ತು ಪಾಲಿಸುತ್ತವೆ. ಜಿಲ್ಲೆಗಳ ಕೋರ್ಟುಗಳಲ್ಲಿ ಏನಾಗುತ್ತಿದೆ ಎನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ವಕೀಲರು: ಗೊತ್ತು. 1917ರ ದಾಖಲೆ ನಾಶ ಕಾಯ್ದೆ. ಅವಧಿ ಮುಗಿದ ಕೇಸುಗಳ ಕಡತವನ್ನು ನಿಯಮದ ಪ್ರಕಾರ ನಾಶ ಮಾಡುತ್ತಾರೆ. ಜಾಗವಿಲ್ಲ, ಗೆದ್ದಲು, ಅದೂ ನಿಜ. ಹಾಗಾಗಿ ಎಷ್ಟೋ ಹಳೆಯ ಕಾರ್ಮಿಕ ವಿವಾದಗಳಲ್ಲಿ ಇನ್ನು ಉಳಿದಿರುವ ಒಂದೇ ಪ್ರತಿ ವಕೀಲನ ಕಟ್ಟಿನಲ್ಲಿರುವುದು.

ಸಂಶೋಧಕಿ: ನಿಮ್ಮ ಕಟ್ಟಿನಲ್ಲಿ ಒಂದು ಉದ್ರಿ ಪುಸ್ತಕ ಇತ್ತು.

ವಕೀಲರು: ದಾವಣಗೆರೆಯ ಗಿರಣಿಯ ಒಬ್ಬ ನೇಯ್ಗೆ ಕೆಲಸಗಾರನದು. ತುಟ್ಟಿಭತ್ಯೆಯ ಕೇಸು. ಸಂಸಾರ ನಡೆಯುವುದಿಲ್ಲ ಎಂದು ತೋರಿಸಲು ಅವನ ಹೆಂಡತಿ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವನ್ನೇ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ಉದ್ದಕ್ಕೆ ಮಡಿಚಿದ ಪುಸ್ತಕ, ಅಂಚೆಲ್ಲ ಎಣ್ಣೆಯ ಕಲೆ. ಜೋಳ, ತೊಗರಿಬೇಳೆ, ಸೀಮೆಎಣ್ಣೆ, ಬೆಲ್ಲ, ಚಹಾಪುಡಿ, ಎಲೆಅಡಿಕೆ. ತಿಂಗಳ ಮೊದಲ ವಾರ ಬೇಳೆ ಕಿಲೋ ಲೆಕ್ಕದಲ್ಲಿದೆ, ಕೊನೆಯ ವಾರ ಪಾವು ಲೆಕ್ಕದಲ್ಲಿ. ಸಂಬಳದ ದಿನ ಅಂಗಡಿಯವನು ಗೀಟು ಎಳೆದು ಜಮಾ ಬರೆದಿದ್ದಾನೆ, ಪೂರ್ತಿ ಜಮಾ ಆದ ತಿಂಗಳು ಒಂದೂ ಇಲ್ಲ. ಮಾಲೀಕರ ವಕೀಲರು ಎಲೆಅಡಿಕೆಯ ಬಾಬ್ತನ್ನು ಹಿಡಿದು ಇದು ಚಟ, ಅಗತ್ಯ ಅಲ್ಲ ಎಂದು ವಾದಿಸಿದರು. ನಾನು ಹಿಗಿನ್ಸ್ ಪಟ್ಟಿಯಲ್ಲಿ ತಂಬಾಕು ಇರುವುದನ್ನು ತೋರಿಸಿದೆ. ಪೀಠದಲ್ಲಿದ್ದವರು ಒಪ್ಪಿದರು.

ಸಂಶೋಧಕಿ: ಸನ್‌ಶೈನ್‌ನ ಹೆಂಗಸರ ಲೆಕ್ಕ ತೀರ್ಪಿನಲ್ಲಿ ಸರಾಸರಿ ಆಗಿ ಉಳಿದಿದೆ. ನಿಮ್ಮ ಅಟ್ಟದ ಮೇಲೆ ಒಬ್ಬ ಹೆಣ್ಣುಮಗಳ ಲೆಕ್ಕ ಇದ್ದ ಹಾಗೇ ಇದೆ. ನಮ್ಮ ನಾಡಿನ ಗಿರಣಿ ಕಾರ್ಮಿಕರು ಏನು ಉಂಡರು, ಎಷ್ಟು ಸಾಲ ಮಾಡಿದರು ಎಂದು ನಾಳೆ ಬರೆಯುವವರಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಎಲ್ಲಿ ಸಿಗುತ್ತದೆ? ನೋಯ್ಡಾದ ವಿ. ವಿ. ಗಿರಿ ರಾಷ್ಟ್ರೀಯ ಕಾರ್ಮಿಕ ಸಂಸ್ಥೆಯಲ್ಲಿ ಕಾರ್ಮಿಕ ಇತಿಹಾಸದ ದಾಖಲೆಗೆಂದೇ ಪತ್ರಾಗಾರ ಇದೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇದೆ. ದೊಡ್ಡವರ ಪತ್ರ ಅಲ್ಲಿಗೆ ಹೋಗುವುದು ಒಳ್ಳೆಯದೇ. ಜಿಲ್ಲೆಯ ವಕೀಲರ ಕಟ್ಟುಗಳೂ ಹೋಗಬೇಕು.

ವಕೀಲರು: ಹಾಗಾದರೆ ಕೇಳು. ಕಾರ್ತಿಕ ಮುಗಿಯಲಿ, ನೀನು ಬಂದು ಕೂತುಕೋ. ಕಿವಿಮಾತಿನ ಟಿಪ್ಪಣಿಗಳನ್ನು ನಾನೇ ತೆಗೆಯುತ್ತೇನೆ, ಅದನ್ನು ಯಾರ ಕೈಗೂ ಕೊಡುವುದಿಲ್ಲ. ಉಳಿದದ್ದಕ್ಕೆ ನೀನು ಪಟ್ಟಿ ಮಾಡು. ಆ ಹೆಣ್ಣುಮಗಳ ಮಕ್ಕಳು ಊರಲ್ಲೇ ಇದ್ದಾರೆ, ಉದ್ರಿ ಪುಸ್ತಕ ಕೊಡುವ ಮುಂಚೆ ಅವರನ್ನು ಒಂದು ಮಾತು ಕೇಳೋಣ. ಇದನ್ನೆಲ್ಲ ನೀನು ಎಲ್ಲಾದರೂ ಬರೆಯುವುದಾದರೆ ನನ್ನದೊಂದು ಕೋರಿಕೆ ಸೇರಿಸು. ವಕೀಲರು ತೀರಿಕೊಂಡ ಮನೆಗಳಲ್ಲಿ ತಿಥಿ ಮುಗಿಯುತ್ತಿದ್ದಂತೆ ಕಟ್ಟುಗಳು ರದ್ದಿ ಅಂಗಡಿಗೆ ಹೋಗುತ್ತವೆ. ದಯವಿಟ್ಟು ತೂಕಕ್ಕೆ ಹಾಕಬೇಡಿ. ಮೊದಲು ವಕೀಲರ ಸಂಘಕ್ಕೋ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೋ, ರಾಜ್ಯ ಪತ್ರಾಗಾರಕ್ಕೋ ಒಂದು ಕಾಗದ ಬರೆದು ತಿಳಿಸಿ, ಅವರು ಬಂದು ನೋಡುವ ತನಕ ಕಟ್ಟುಗಳನ್ನು ಒಣ ಜಾಗದಲ್ಲಿ ಇಡಿ.